ಸೈನಸ್‌ಗೆ ಚೀನೀ ಗಿಡಮೂಲಿಕೆ: ಪೊಟ್ಟಣದಲ್ಲಿರುವ ಮುಳ್ಳುಕಾಯಿ ನಮ್ಮ ಕೆರೆ ಏರಿಯದೇ ಆದರೆ ಬಳಸಬಹುದೇ?

ತೋಟದಕೆರೆ (ತೀರ್ಥಹಳ್ಳಿ ತಾಲ್ಲೂಕು) — ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಈಗ 61 ವರ್ಷ. ಏಳೆಂಟು ವರ್ಷಗಳಿಂದ ಅವರಿಗೆ ಸೈನಸ್ ತೊಂದರೆಯಿದೆ. ಆರಿದ್ರಾ ಮಳೆ ಹಿಡಿದಾಗ ಕಟ್ಟಿದ ಮೂಗು ಮಳೆಗಾಲ ಮುಗಿಯುವವರೆಗೂ ಬಿಡುವುದಿಲ್ಲ. ದೀಪಾವಳಿ ಕಳೆದು ಕೊನೆ ಕೊಯ್ಲು ಶುರುವಾದ ಮೇಲೆ ಅಡಿಕೆ ಬೇಯಿಸುವ ಒಲೆಯ ಹೊಗೆಗೂ ಬೆಳಗಿನ ಇಬ್ಬನಿಗೂ ಅದು ಇನ್ನಷ್ಟು ಹೆಚ್ಚುತ್ತದೆ. ಹಣೆ ಮತ್ತು ಕೆನ್ನೆಯ ಮೂಳೆ ಭಾರವಾಗುತ್ತದೆ, ಬಗ್ಗಿದರೆ ತಲೆ ಸಿಡಿಯುತ್ತದೆ, ರಾತ್ರಿ ಬಾಯಿಯಲ್ಲೇ ಉಸಿರಾಡಬೇಕಾಗುತ್ತದೆ. ಕಾಳುಮೆಣಸಿನ ಕಷಾಯ, ಸಾಂಬಾರುಬಳ್ಳಿಯ ರಸ, ಹಬೆ ಎಲ್ಲವನ್ನೂ ಮಾಡಿ ನೋಡಿದ್ದೇವೆ. ಆ ಹೊತ್ತಿಗೆ ಹಿತವೆನಿಸುತ್ತದೆ, ಮರುದಿನ ಮತ್ತೆ ಹಾಗೆಯೇ.

ನಮ್ಮ ಭಾವ ವ್ಯಾಪಾರದ ಕೆಲಸಕ್ಕೆ ಚೀನಾದ ಗ್ವಾಂಗ್‌ಝೌ ನಗರಕ್ಕೆ ಹೋಗಿದ್ದವರು ಅಲ್ಲಿಯ ಮೂಲಿಕೆ ಅಂಗಡಿಯೊಂದರಿಂದ ಎರಡು ವಸ್ತುಗಳನ್ನು ತಂದುಕೊಟ್ಟಿದ್ದಾರೆ. ಒಂದು, ಕುದಿಸಿ ಕುಡಿಯುವ ಒಣಮೂಲಿಕೆಗಳ ಪೊಟ್ಟಣಗಳು. ಇನ್ನೊಂದು, ಮೂಗಿನ ತೊಂದರೆಗೆಂದು ಮಾರುವ ಮಾತ್ರೆಗಳ ಡಬ್ಬ. ಮೊಬೈಲಿನಲ್ಲಿ ಭಾಷಾಂತರಿಸಿ ನೋಡಿದಾಗ ಪೊಟ್ಟಣದಲ್ಲಿ ನಾಲ್ಕು ವಸ್ತುಗಳಿವೆಯೆಂದು ತಿಳಿಯಿತು: ತ್ಸಾಂಗ್ ಅರ್ ಝಿ, ಶಿನ್ ಯಿ ಹ್ವಾ, ಬೈ ಝಿ ಮತ್ತು ಬೊ ಹೆ. ಕೊನೆಯದು ಪುದೀನ ಎಂಬುದು ವಾಸನೆಯಿಂದಲೇ ಗೊತ್ತಾಗುತ್ತದೆ.

ಅಮ್ಮ ಪೊಟ್ಟಣ ಬಿಚ್ಚಿದವರೇ ಮೊದಲನೆಯ ಕಾಯಿಯನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ, "ಇದು ನಮ್ಮ ಕೆರೆ ಏರಿಯ ಮೇಲೆ ಎಮ್ಮೆಯ ಬಾಲಕ್ಕೆ ಅಂಟಿಕೊಳ್ಳುವ ಮರುಳುಮತ್ತಿ ಕಾಯಿಯೇ ಅಲ್ಲವೇನೋ" ಎಂದರು. ಚಿತ್ರಗಳನ್ನು ಹೋಲಿಸಿದಾಗ ನನಗೂ ಹಾಗೆಯೇ ಅನ್ನಿಸಿತು. ಪೊಟ್ಟಣದ ಕಾಯಿಗೆ ಮುಳ್ಳುಗಳಿಲ್ಲ, ಬಣ್ಣ ಸ್ವಲ್ಪ ಕಂದು. ಉಳಿದಂತೆ ವ್ಯತ್ಯಾಸ ಕಾಣಲಿಲ್ಲ. ಪೊಟ್ಟಣಗಳು ಹತ್ತು ದಿನಕ್ಕಷ್ಟೇ ಸಾಕಾಗುವುದರಿಂದ ಆಮೇಲೆ ನಮ್ಮ ಕಾಯಿಗಳನ್ನೇ ಹಾಕಿ ಕುದಿಸಬಹುದೆಂದು ಅಮ್ಮ ಆಗಲೇ ಒಂದು ಬೊಗಸೆ ಕಾಯಿ ಕೊಯ್ದು ತಂದು ಜಗಲಿಯ ಮೇಲೆ ಮೊರದಲ್ಲಿ ಒಣಹಾಕಿದ್ದಾರೆ. ಅವರು ರಕ್ತದೊತ್ತಡಕ್ಕೆ ದಿನವೂ ಅಮ್ಲೊಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ರಾತ್ರಿ ನಿದ್ರೆ ಬರಲೆಂದು ಔಷಧ ಅಂಗಡಿಯಿಂದ ತಂದ ಮೂಗಿನ ಹನಿಯನ್ನೂ ಹಾಕಿಕೊಳ್ಳುತ್ತಾರೆ.

ನನ್ನ ಪ್ರಶ್ನೆಗಳು ಮೂರು. ಈ ಚೀನೀ ಮೂಲಿಕೆಗಳಿಂದ ನಿಜವಾಗಿ ಪ್ರಯೋಜನವಿದೆಯೇ? ನಮ್ಮ ಊರಿನ ಗಿಡವನ್ನೇ ಬಳಸಬಹುದೇ? ಮಾತ್ರೆಗಳನ್ನು ರಕ್ತದೊತ್ತಡದ ಔಷಧದ ಜೊತೆಗೆ ಕೊಡಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು. ಅಮ್ಮ ಸೋಮವಾರ ಕಷಾಯ ಇಡುತ್ತೇನೆ ಎನ್ನುತ್ತಿದ್ದಾರೆ.

ಶರಾವತಿ ಹಿನ್ನೀರು (ಸಾಗರ, ಆಯುರ್ವೇದ ವೈದ್ಯೆ) — ಉತ್ತರ

ಮೊದಲು ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದು ತಡಮಾಡುವ ವಿಷಯವಲ್ಲ. ಜಗಲಿಯ ಮೇಲಿರುವ ಆ ಕಾಯಿಗಳನ್ನು ದಯವಿಟ್ಟು ಇವತ್ತೇ ಒಲೆಗೆ ಹಾಕಿಬಿಡಿ. ಮಕ್ಕಳ ಕೈಗೂ ದನಕರುಗಳ ಬಾಯಿಗೂ ಸಿಗದಂತೆ ನೋಡಿಕೊಳ್ಳಿ.

ನಿಮ್ಮ ತಾಯಿಯವರ ಕಣ್ಣು ತಪ್ಪಿಲ್ಲ. ತ್ಸಾಂಗ್ ಅರ್ ಝಿ ಎಂದರೆ ಮರುಳುಮತ್ತಿಯ ಕಾಯಿಯೇ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಕ್ಸ್ಯಾಂಥಿಯಂ ಎಂದು ಹೆಸರು. ಹುಲ್ಲಿನಲ್ಲಿ ನಡೆದು ಬಂದರೆ ಪಂಚೆಯ ಅಂಚಿಗೆ ಸಾಲಾಗಿ ಅಂಟಿಕೊಂಡು ಬರುವ ಆ ಕೊಕ್ಕೆಮುಳ್ಳಿನ ಕಾಯಿಯನ್ನು ಚೀನೀ ವೈದ್ಯರು ಮೂಗಿನ ಕಾಯಿಲೆಗೆ ನೂರಾರು ವರ್ಷಗಳಿಂದ ಬಳಸುತ್ತಿರುವುದು ನಿಜ. ಆದರೆ ಅದರ ಬೀಜದಲ್ಲಿ ಕಾರ್ಬಾಕ್ಸಿಅಟ್ರಾಕ್ಟಿಲೋಸೈಡ್ ಎಂಬ ವಿಷವಿದೆ. ನಮ್ಮ ಜೀವಕೋಶಗಳು ಶಕ್ತಿಯನ್ನು ತಯಾರಿಸುವ ವ್ಯವಸ್ಥೆಯನ್ನೇ ಅದು ತಡೆಹಿಡಿಯುತ್ತದೆ. ಅದರ ಪೆಟ್ಟು ಮೊದಲು ಬೀಳುವುದು ಯಕೃತ್ತಿನ ಮೇಲೆ. ವಾಂತಿಯಾಗುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ, ಪ್ರಜ್ಞೆ ತಪ್ಪುತ್ತದೆ. ಬಾಂಗ್ಲಾದೇಶದ ಸಿಲ್ಹಟ್ ಪ್ರದೇಶದಲ್ಲಿ 2007ರಲ್ಲಿ ಪ್ರವಾಹದ ನಂತರ ಆಹಾರಕ್ಕೆ ತತ್ವಾರವಾದಾಗ ಜನರು ಈ ಗಿಡದ ಎಳೆಯ ಮೊಳಕೆಗಳನ್ನು ಸೊಪ್ಪಿನಂತೆ ಬೇಯಿಸಿ ತಿಂದರು. ಕಾಯಿಲೆ ಬಿದ್ದ 76 ಮಂದಿಯಲ್ಲಿ ಕಾಲುಭಾಗದಷ್ಟು ಜನ ತೀರಿಕೊಂಡರು. ಬೇಯಿಸಿದರೂ ವಿಷ ಹೋಗಲಿಲ್ಲ ಎಂಬುದನ್ನು ಗಮನಿಸಿ.

ಹಾಗಾದರೆ ಚೀನಾದಲ್ಲಿ ಅದನ್ನು ಹೇಗೆ ಕೊಡುತ್ತಾರೆ ಎಂದು ನೀವು ಕೇಳಬಹುದು. ಪೊಟ್ಟಣದ ಕಾಯಿಗೆ ಮುಳ್ಳಿಲ್ಲ, ಬಣ್ಣ ಕಂದು ಎಂದು ನೀವು ಬರೆದಿದ್ದೀರಲ್ಲ, ಉತ್ತರ ಅಲ್ಲಿಯೇ ಇದೆ. ಅವರ ಕ್ರಮದಲ್ಲಿ ಆ ಕಾಯಿಯನ್ನು ಬಾಣಲೆಯಲ್ಲಿ ಹದವಾಗಿ ಹುರಿದು, ಮುಳ್ಳುಗಳನ್ನು ಉದುರಿಸಿ, ಆಮೇಲೆಯೇ ಔಷಧಕ್ಕೆ ಬಳಸುತ್ತಾರೆ. ನಮ್ಮಲ್ಲಿ ವಿಷವುಳ್ಳ ವತ್ಸನಾಭಿಯನ್ನೋ ಗುಲಗಂಜಿಯನ್ನೋ ಶೋಧನೆ ಮಾಡದೆ, ಎಂದರೆ ವಿಷ ತಗ್ಗಿಸದೆ, ಯಾವ ವೈದ್ಯರೂ ಮುಟ್ಟುವುದಿಲ್ಲ. ಇದೂ ಅಂಥದ್ದೇ ಸಂಸ್ಕಾರ. ಹುರಿಯುವುದರಿಂದ ವಿಷ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಅದಕ್ಕಾಗಿಯೇ ಚೀನಾದ ಅಧಿಕೃತ ಔಷಧಸಂಹಿತೆ ದಿನದ ಪ್ರಮಾಣವನ್ನು 3ರಿಂದ 10 ಗ್ರಾಂಗೆ ಮಿತಿಗೊಳಿಸಿದೆ ಮತ್ತು ಅದನ್ನು ವಿಷವುಳ್ಳ ದ್ರವ್ಯವೆಂದೇ ಗುರುತಿಸಿದೆ. ಒಂದು ಬೊಗಸೆ ಎಂದರೆ ಎಷ್ಟು ಗ್ರಾಂ ಆಗುತ್ತದೆ ಎಂಬುದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದರೆ ಅಮ್ಮನವರಿಗೂ ಮನವರಿಕೆಯಾಗುತ್ತದೆ.

ಈ ನಾಲ್ಕು ವಸ್ತುಗಳ ಕೂಟ ಯಾರೋ ಅಂಗಡಿಯವರು ಮನಸ್ಸಿಗೆ ಬಂದಂತೆ ಕಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. ಸಾಂಗ್ ರಾಜವಂಶದ ಕಾಲದ, 1253ರ ಔಷಧಯೋಗಗಳ ಸಂಗ್ರಹವೊಂದರಲ್ಲಿ ಇದು ತ್ಸಾಂಗ್ ಅರ್ ಝಿ ಸಾನ್ ಎಂಬ ಹೆಸರಿನ ಚೂರ್ಣವಾಗಿ ಬರುತ್ತದೆ. ಈರುಳ್ಳಿ ಸೊಪ್ಪು ಮತ್ತು ಚಹಾದೊಂದಿಗೆ ಅದನ್ನು ಸೇವಿಸಬೇಕೆಂದು ಹೇಳಿದೆ. ಮೂಗಿನಿಂದ ಕೆಟ್ಟ ನೀರು ನಿಲ್ಲದೆ ಸೋರುವ ಕಾಯಿಲೆಗೆ ಅವರು ಬಿ ಯುವಾನ್ ಎನ್ನುತ್ತಾರೆ, ಎಂದರೆ ಮೂಗಿನ ಮಡು. ನಾವು ಪೀನಸ, ಪ್ರತಿಶ್ಯಾಯ ಎಂದು ಕರೆಯುವ ರೋಗಗಳ ಲಕ್ಷಣಗಳು ಅದರಲ್ಲಿ ಬಹಳಷ್ಟು ಸೇರುತ್ತವೆ. ಮೂಗು ಶ್ವಾಸಕೋಶದ ಬಾಗಿಲು ಎಂಬುದು ಅವರ ಮಾತು. ತೆಳುವಾದ ನೀರು ಸೋರುತ್ತಿದ್ದರೆ ಶೀತವಾಯು, ಹಳದಿಯ ಗಟ್ಟಿ ಕಫ ಬಂದರೆ ಉಷ್ಣ ಎಂದು ಬೇರ್ಪಡಿಸಿ ಬೇರೆ ಬೇರೆ ಔಷಧ ಕೊಡುತ್ತಾರೆ. ಒಂದೇ ಪೊಟ್ಟಣ ಎಲ್ಲರ ಮೂಗಿಗೂ ಆಗುತ್ತದೆ ಎಂದು ಆ ಪದ್ಧತಿಯ ವೈದ್ಯರೂ ಒಪ್ಪುವುದಿಲ್ಲ.

ಕೊಡಚಾದ್ರಿ ತಪ್ಪಲು (ಹೊಸನಗರ ಮೂಲ, ಈಗ ಸಿಂಗಪುರ) — ಉತ್ತರ

ಮೇಲಿನ ಉತ್ತರವನ್ನು ಓದಿದ ಮೇಲೆ ನನ್ನ ಅನುಭವವನ್ನು ಬರೆಯಬೇಕೆನಿಸಿತು. ಇಲ್ಲಿ ಚೀನೀ ವೈದ್ಯರು ಸರ್ಕಾರದಲ್ಲಿ ನೋಂದಾಯಿಸಿಕೊಂಡೇ ವೃತ್ತಿ ಮಾಡಬೇಕೆಂಬ ಕಾನೂನು 2000ದಿಂದ ಇದೆ. ಹಾಗಾಗಿ, ಹವಾನಿಯಂತ್ರಿತ ಕಚೇರಿಯಲ್ಲಿ ಮೂರು ವರ್ಷ ಮೂಗು ಕಟ್ಟಿಕೊಂಡು ನರಳಿದ ಮೇಲೆ ಸಹೋದ್ಯೋಗಿಯೊಬ್ಬರ ಮಾತಿನಂತೆ ಅಂಥ ವೈದ್ಯರೊಬ್ಬರ ಬಳಿಗೆ ಹೋದೆ.

ಅವರು ನನ್ನ ಎರಡೂ ಮಣಿಕಟ್ಟುಗಳ ಮೇಲೆ ಮೂರು ಮೂರು ಬೆರಳಿಟ್ಟು ಬಹಳ ಹೊತ್ತು ನಾಡಿ ನೋಡಿದರು. ನಾಲಿಗೆ ಚಾಚಿಸಿ ಅದರ ಅಂಚನ್ನೂ ಮೇಲಿನ ಲೇಪವನ್ನೂ ನೋಡಿದರು. ಮಲಬದ್ಧತೆ ಇದೆಯೇ, ಬೆವರು ಹೇಗೆ, ಬಾಯಾರಿಕೆ ಹೇಗೆ ಎಂದೆಲ್ಲ ಕೇಳಿದರು. ಯಕೃತ್ತಿನ ಕಾಯಿಲೆ ಇದ್ದದ್ದುಂಟೇ ಎಂಬುದು ಅವರ ಕೊನೆಯ ಪ್ರಶ್ನೆಯಾಗಿತ್ತು. ಅದರ ಕಾರಣ ಈಗ ನನಗೆ ಅರ್ಥವಾಗುತ್ತಿದೆ. ಏಳು ದಿನಕ್ಕೆ ಏಳು ಪೊಟ್ಟಣ ಕೊಟ್ಟರು. ಎರಡನೆಯ ವಾರ ಹೋದಾಗ ಅದರಲ್ಲಿನ ಎರಡು ಮೂಲಿಕೆಗಳನ್ನು ತೆಗೆದು ಬೇರೆ ಎರಡನ್ನು ಸೇರಿಸಿದರು.

ಕುದಿಸುವ ಕ್ರಮವೂ ಸುಲಭದ್ದಲ್ಲ. ಶಿನ್ ಯಿ ಹ್ವಾ ಎಂಬುದು ಮ್ಯಾಗ್ನೋಲಿಯಾ ಮರದ ಬಿರಿಯದ ಮೊಗ್ಗು. ನಮ್ಮ ಸಂಪಿಗೆಯೂ ಅದೇ ಕುಲಕ್ಕೆ ಸೇರಿದ್ದು ಎಂದು ತಿಳಿದಾಗ ನನಗೆ ಮನೆಯ ಹಿತ್ತಲೇ ಕಣ್ಣಿಗೆ ಕಟ್ಟಿತು. ಆದರೆ ಈ ಮೊಗ್ಗು ಸಂಪಿಗೆಯಂತಿಲ್ಲ. ಬೆಕ್ಕಿನ ಮರಿಯ ಪಂಜದಂತೆ ಬೂದು ಬಣ್ಣದ ದಟ್ಟ ರೋಮ ಅದರ ತುಂಬ ಇರುತ್ತದೆ. ಬೆರಳಲ್ಲಿ ಉಜ್ಜಿದರೆ ಮೊದಲು ನಯ, ಒಡೆದರೆ ಒಳಗಿನಿಂದ ಕರ್ಪೂರವನ್ನು ಹೋಲುವ ಘಾಟು ಬರುತ್ತದೆ. ಆ ರೋಮ ಕಷಾಯದಲ್ಲಿ ಬಿಡಿಯಾಗಿ ತೇಲಿದರೆ ಗಂಟಲಲ್ಲಿ ಕೂತು ಕೆರೆತ ಹುಟ್ಟಿಸುತ್ತದೆ. ಆದ್ದರಿಂದ ಮೊಗ್ಗುಗಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಬೇಕು. ಮಣ್ಣಿನ ಮಡಕೆಯಲ್ಲಿ ಅರ್ಧ ಗಂಟೆ ನೆನೆಹಾಕಿ ಆಮೇಲೆ ಸಣ್ಣ ಉರಿಯಲ್ಲಿ ಕುದಿಸುವುದು ವಾಡಿಕೆ. ಪುದೀನವನ್ನು ಮಾತ್ರ ಒಲೆ ಆರಿಸುವ ಐದು ನಿಮಿಷ ಮುಂಚೆ ಹಾಕಬೇಕು, ಇಲ್ಲವಾದರೆ ಅದರ ಸುವಾಸನೆಯ ಎಣ್ಣೆಯೆಲ್ಲ ಹಬೆಯಲ್ಲಿ ಹಾರಿಹೋಗುತ್ತದೆ. ನಮ್ಮ ಮನೆಗಳಲ್ಲಿ ಕಷಾಯಕ್ಕೆ ತುಳಸಿಯನ್ನು ಕೊನೆಯಲ್ಲಿ ಹಾಕಿ ಮುಚ್ಚಿಡುವಂತೆಯೇ ಇದು.

ಪ್ರಯೋಜನವಾಯಿತೇ ಎಂದರೆ, ಮೂರು ವಾರಗಳಲ್ಲಿ ಹಣೆಯ ಭಾರ ಇಳಿಯಿತು, ವಾಸನೆ ಮರಳಿ ಬಂತು. ಆದರೆ ಅದೇ ಸಮಯದಲ್ಲಿ ಮೂಗನ್ನು ಉಪ್ಪುನೀರಿನಿಂದ ತೊಳೆಯಲೂ ಶುರು ಮಾಡಿದ್ದೆ, ಕಚೇರಿಯಲ್ಲಿ ತಂಪುಗಾಳಿ ನೇರವಾಗಿ ಬೀಳುತ್ತಿದ್ದ ಕುರ್ಚಿಯನ್ನೂ ಬದಲಾಯಿಸಿಕೊಂಡಿದ್ದೆ. ಯಾವುದರಿಂದ ಎಷ್ಟು ಗುಣವಾಯಿತೆಂದು ಪ್ರಾಮಾಣಿಕವಾಗಿ ಬೇರ್ಪಡಿಸಿ ಹೇಳಲಾರೆ. ಪುದೀನದ ವಿಷಯದಲ್ಲಿ ಒಂದು ಮಾತು ಮಾತ್ರ ಖಚಿತ. ಅದರಲ್ಲಿರುವ ಮೆಂಥಾಲ್ ಮೂಗಿನ ಒಳಗಿನ ತಂಪು ಗ್ರಹಿಸುವ ನರಗಳನ್ನು ಎಚ್ಚರಿಸುತ್ತದೆ, ಅದರಿಂದ ಮೂಗು ತೆರೆದಂತೆ ಅನಿಸುತ್ತದೆ. ಅಳೆದು ನೋಡಿದರೆ ಗಾಳಿಯ ದಾರಿ ಅಷ್ಟೇ ಇಕ್ಕಟ್ಟಾಗಿರುತ್ತದೆ. ಕುಡಿದ ಕೂಡಲೇ ಹಿತವಾಯಿತು ಎಂಬುದನ್ನು ಗುಣವೆಂದು ಎಣಿಸಬಾರದು.

ಆ ವೈದ್ಯರು ಕಲಿಸಿದ ಇನ್ನೊಂದು ಕ್ರಮಕ್ಕೆ ಖರ್ಚೂ ಇಲ್ಲ, ಅಪಾಯವೂ ಇಲ್ಲ. ಮೂಗಿನ ಹೊಳ್ಳೆಗಳ ಎರಡು ಪಕ್ಕದಲ್ಲಿ, ನಗುವಾಗ ಮೂಡುವ ಗೆರೆ ಶುರುವಾಗುವ ತಗ್ಗಿನಲ್ಲಿ, ತೋರುಬೆರಳುಗಳಿಂದ ಒಂದೆರಡು ನಿಮಿಷ ಮೆಲ್ಲನೆ ಒತ್ತಿ ತಿರುಗಿಸಬೇಕು. ಆ ಸ್ಥಾನವನ್ನು ಅವರು ಯಿಂಗ್‌ಶಿಯಾಂಗ್ ಎನ್ನುತ್ತಾರೆ. ಪರಿಮಳವನ್ನು ಎದುರುಗೊಳ್ಳುವ ಜಾಗ ಎಂದು ಅದರ ಅರ್ಥ. ಅಮ್ಮನವರು ಮಲಗುವ ಮುನ್ನ ಇದನ್ನು ಮಾಡಿ ನೋಡಬಹುದು.

ತುಂಗಾ ದಂಡೆ (ಶಿವಮೊಗ್ಗ, ಔಷಧಶಾಸ್ತ್ರ ಓದಿದವನು) — ಉತ್ತರ

ಪ್ರಶ್ನೆ ಕೇಳಿದವರು ಎಲ್ಲಕ್ಕಿಂತ ಕೊನೆಯಲ್ಲಿ, ಬಿಡಿಯಾಗಿ ಹೇಳಿದ ಮಾತೇ ನನಗೆ ಮುಖ್ಯವಾಗಿ ಕಂಡಿತು. ರಾತ್ರಿ ಹಾಕಿಕೊಳ್ಳುವ ಮೂಗಿನ ಹನಿ ಯಾವುದು, ಎಷ್ಟು ದಿನಗಳಿಂದ? ಬಾಟಲಿಯ ಮೇಲೆ ಕ್ಸೈಲೋಮೆಟಾಜೊಲಿನ್ ಅಥವಾ ಆಕ್ಸಿಮೆಟಾಜೊಲಿನ್ ಎಂದಿದ್ದರೆ, ಅದನ್ನು ಮೂರರಿಂದ ಐದು ದಿನಗಳಿಗಿಂತ ಹೆಚ್ಚು ಹಾಕಬಾರದು. ಅದು ಮೂಗಿನ ಒಳಪದರದ ರಕ್ತನಾಳಗಳನ್ನು ಕುಗ್ಗಿಸಿ ದಾರಿ ತೆರೆಯುತ್ತದೆ. ಆದರೆ ವಾರಗಟ್ಟಲೆ ಹಾಕಿದರೆ ಹನಿಯ ಶಕ್ತಿ ಇಳಿಯುತ್ತಿದ್ದಂತೆ ಒಳಪದರ ಮೊದಲಿಗಿಂತ ಹೆಚ್ಚು ಊದಿಕೊಳ್ಳುತ್ತದೆ, ಆಗ ಮತ್ತೆ ಹನಿ ಬೇಕಾಗುತ್ತದೆ. ಹೀಗೆ ಔಷಧವೇ ಕಾಯಿಲೆಯನ್ನು ಸಾಕುತ್ತದೆ. ಎಷ್ಟೋ ಮನೆಗಳಲ್ಲಿ ಸೈನಸ್ ಎಂದು ಕರೆಯುವ ತೊಂದರೆಯ ಹಿಂದೆ ಈ ಹನಿಯೇ ಇರುವುದನ್ನು ಕಂಡಿದ್ದೇನೆ. ರಕ್ತದೊತ್ತಡ ಇರುವವರಿಗಂತೂ ಇದರಲ್ಲಿ ಇನ್ನಷ್ಟು ಎಚ್ಚರಿಕೆ ಬೇಕು.

ಈಗ ಮಾತ್ರೆಗಳ ವಿಷಯ. ಚೀನಾದಲ್ಲಿ ಮೂಗಿನ ತೊಂದರೆಗೆ ಮಾರುವ ಮಾತ್ರೆಗಳೆಲ್ಲ ಬರಿಯ ಮೂಲಿಕೆಯವಲ್ಲ. ಕೆಲವು ಮಾತ್ರೆಗಳಲ್ಲಿ ಮೂಲಿಕೆಗಳ ಸಾರದ ಜೊತೆಗೆ ಕ್ಲೋರ್‌ಫೆನಿರಮೈನ್ ಎಂಬ ಅಲರ್ಜಿ ಔಷಧವನ್ನು ಕಾನೂನುಬದ್ಧವಾಗಿಯೇ ಸೇರಿಸಿರುತ್ತಾರೆ. ಡಬ್ಬದ ಮೇಲೆ ಚೀನೀ ಲಿಪಿಯಲ್ಲಿ ಅದು ನಮೂದಾಗಿಯೂ ಇರುತ್ತದೆ, ನಮಗೆ ಓದಲು ಬರುವುದಿಲ್ಲ ಅಷ್ಟೇ. ನಮ್ಮಲ್ಲಿ ನೆಗಡಿ ಮಾತ್ರೆಗಳಲ್ಲಿ ಇರುವುದೂ ಅದೇ. ಎರಡನ್ನೂ ಒಟ್ಟಿಗೆ ನುಂಗಿದರೆ ಹಗಲೆಲ್ಲ ಮಂಪರು, ವಯಸ್ಸಾದವರಿಗೆ ರಾತ್ರಿ ಎದ್ದಾಗ ಕಾಲು ತಡವರಿಸಿ ಬೀಳುವ ಭಯ. ಮೂಲಿಕೆ ತಾನೇ, ನಿಧಾನ ಕೆಲಸ ಮಾಡುತ್ತದೆ ಎಂದುಕೊಂಡಿದ್ದ ಮಾತ್ರೆ ಅರ್ಧ ಗಂಟೆಯಲ್ಲಿ ಸೋರುವ ಮೂಗನ್ನು ಒಣಗಿಸಿತೆಂದರೆ ಕಾರಣ ಇದೇ ಆಗಿರಬಹುದು. ಡಬ್ಬದ ನಾಲ್ಕೂ ಬದಿಗಳ ಚಿತ್ರ ತೆಗೆದು ಹಾಕಿ, ಓದಿಸಿ ಹೇಳುತ್ತೇನೆ.

ರಕ್ತದೊತ್ತಡಕ್ಕೆ ಸಂಬಂಧಿಸಿ ಮೂರು ಹೆಸರುಗಳನ್ನು ನೆನಪಿಡಿ. ಮಾ ಹ್ವಾಂಗ್ ಎಂದರೆ ಎಫೆಡ್ರಾ. ಜಪಾನಿನ ನಾಗಾಯಿ ನಾಗಾಯೋಶಿ 1885ರಲ್ಲಿ ಎಫೆಡ್ರಿನ್ನನ್ನು ಬೇರ್ಪಡಿಸಿದ್ದು ಈ ಗಿಡದಿಂದಲೇ. ಅದು ಮೂಗನ್ನು ತೆರೆಯುವುದು ಖಂಡಿತ, ಆದರೆ ರಕ್ತದೊತ್ತಡವನ್ನೂ ಎದೆಬಡಿತವನ್ನೂ ಏರಿಸುವುದೂ ಅಷ್ಟೇ ಖಂಡಿತ. ಎಫೆಡ್ರಿನ್ ಇರುವ ಆಹಾರಪೂರಕಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಎರಡನೆಯದು ಗಾನ್ ತ್ಸಾವ್, ಎಂದರೆ ನಮ್ಮ ಅತಿಮಧುರದ ಜಾತಿಯ ಬೇರು. ವಾರಗಟ್ಟಲೆ ತೆಗೆದುಕೊಂಡರೆ ದೇಹದಲ್ಲಿ ಉಪ್ಪೂ ನೀರೂ ನಿಂತು, ಪೊಟ್ಯಾಸಿಯಂ ಇಳಿದು, ಒತ್ತಡ ಏರುತ್ತದೆ. ಮೂರನೆಯದು ನಿಮ್ಮ ಪೊಟ್ಟಣದಲ್ಲೇ ಇರುವ ಬೈ ಝಿ. ಇದು ಏಂಜೆಲಿಕಾ ಎಂಬ ಗಿಡದ ಬೇರು, ಅಡ್ಡಕ್ಕೆ ಕತ್ತರಿಸಿದ ಬಿಳಿ ಬಿಲ್ಲೆಗಳಂತೆ ಇರುತ್ತದೆ. ಇದರಲ್ಲಿರುವ ಫ್ಯುರಾನೊಕೂಮರಿನ್‌ಗಳು ಚಕ್ಕೋತ ಹಣ್ಣಿನಲ್ಲಿಯೂ ಇವೆ. ಅಮ್ಲೊಡಿಪಿನ್ ಮುಂತಾದ ಹಲವು ಔಷಧಗಳನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಅವು ತಡೆಯಬಲ್ಲವು. ಔಷಧ ದೇಹದಲ್ಲಿ ಉಳಿದುಕೊಂಡರೆ ಒತ್ತಡ ಬೇಕಾದುದಕ್ಕಿಂತ ಕೆಳಗೆ ಇಳಿಯಬಹುದು. ಆದ್ದರಿಂದ ಮಾತ್ರೆಗೂ ಪೊಟ್ಟಣಕ್ಕೂ ನನ್ನ ಉತ್ತರ ಒಂದೇ: ನಿಮ್ಮ ತಾಯಿಯವರಿಗೆ ಬೇಡ.

ಹೆಸರುಗಳ ಗೊಂದಲ ಎಷ್ಟು ದೂರ ಒಯ್ಯಬಹುದು ಎಂಬುದಕ್ಕೆ ಒಂದು ನಿಜ ಘಟನೆಯಿದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಚಿಕಿತ್ಸೆಗೆಂದು ಕೊಟ್ಟ ಚೀನೀ ಮೂಲಿಕೆಯೊಂದರ ಬದಲು, ಹೆಸರು ಹೋಲುವ ಅರಿಸ್ಟೊಲೋಕಿಯಾ ಜಾತಿಯ ಬೇರು ಸೇರಿಕೊಂಡಿತ್ತು. ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡಗಳು ಹಾಳಾದವು, ಮುಂದೆ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಬಂತು. ನಿಮ್ಮ ಪೊಟ್ಟಣದಲ್ಲಿರುವುದು ಶಿನ್ ಯಿ. ಮೂಗಿಗೇ ಕೊಡುವ ಇನ್ನೊಂದು ಮೂಲಿಕೆಯ ಹೆಸರು ಶಿ ಶಿನ್. ಕೇಳಲು ಹತ್ತಿರ, ಗಿಡಗಳು ಬೇರೆ. ಶಿ ಶಿನ್ ಅದೇ ಅರಿಸ್ಟೊಲೋಕಿಯಾ ಕುಟುಂಬಕ್ಕೆ ಸೇರಿದ್ದು, ಆ ಮೂತ್ರಪಿಂಡಗಳನ್ನು ಹಾಳುಮಾಡಿದ ಅರಿಸ್ಟೊಲೋಕಿಕ್ ಆಮ್ಲದ ಅಂಶ ಅದರಲ್ಲೂ ಇರುತ್ತದೆ. ಅದರ ಪ್ರಮಾಣ ಒಂದು ಚಿಯೆನ್, ಎಂದರೆ ಸುಮಾರು 3 ಗ್ರಾಂ ಮೀರಬಾರದೆಂದು ಚೀನೀ ವೈದ್ಯರಲ್ಲೇ ಹಳೆಯ ಮಾತಿದೆ. ಮೊಬೈಲಿನ ಭಾಷಾಂತರವನ್ನು ನಂಬಿ ಇಂಥವನ್ನು ಆಯ್ದುಕೊಳ್ಳುವುದು ಸರಿಯಲ್ಲ.

ಪ್ರಯೋಜನವಿದೆಯೇ ಎಂಬ ಮೊದಲ ಪ್ರಶ್ನೆಗೆ ಬರುತ್ತೇನೆ. ಮ್ಯಾಗ್ನೋಲಿಯಾ ಮೊಗ್ಗಿನ ಸಾರ ಉರಿಯೂತವನ್ನು ತಗ್ಗಿಸುತ್ತದೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಹೆಚ್ಚಿನವು ಚಿಕ್ಕವು, ಯಾರಿಗೆ ಯಾವ ಔಷಧ ಕೊಟ್ಟಿದೆಯೆಂಬುದನ್ನು ಮುಚ್ಚಿಡದೆ ಮಾಡಿದವು, ಆದ್ದರಿಂದ ಅವುಗಳ ಮೇಲೆ ಭಾರ ಹಾಕಲಾಗುವುದಿಲ್ಲ. ಚೀನೀ ಮೂಲಿಕೆಗಳೆಲ್ಲ ಹುಸಿ ಎಂದು ನಾನು ಹೇಳುತ್ತಿಲ್ಲ. ತು ಯೂಯೂ ಅವರು ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕಂಡುಹಿಡಿದು 2015ರಲ್ಲಿ ನೊಬೆಲ್ ಪಡೆದರು. ಆದರೆ ಅವರು ಗಿಡವನ್ನು ನಂಬಿ ಸುಮ್ಮನೆ ಕೂರಲಿಲ್ಲ. ಕುದಿಸಿದರೆ ಗುಣ ಕೆಡುತ್ತದೆಂದು ಕಂಡುಕೊಂಡು, ಕಡಿಮೆ ಶಾಖದಲ್ಲಿ ಈಥರ್‌ನಿಂದ ಸಾರ ತೆಗೆದು, ಮೊದಲು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡರು. ಸೈನಸ್ಸಿನ ಮೂಲಿಕೆಗಳಿಗೆ ಅಷ್ಟು ದುಡಿಮೆ ಇನ್ನೂ ಸಂದಿಲ್ಲ.

ತೋಟದಕೆರೆ — ಪ್ರಶ್ನಿಸಿದವರ ಮರುಮಾತು

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಕಾಯಿಗಳನ್ನು ನಿನ್ನೆ ಸಂಜೆಯೇ ಬಚ್ಚಲ ಒಲೆಗೆ ಹಾಕಿದೆ. ಹಾಕುವ ಮೊದಲು ತೂಗಿ ನೋಡಿದೆ: 46 ಗ್ರಾಂ ಇತ್ತು. ಬಾಂಗ್ಲಾದೇಶದ ಸಂಗತಿಯನ್ನು ಓದಿ ಹೇಳಿದಾಗ ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಕೊಟ್ಟಿಗೆಯ ಹಿಂದೆ ಬೆಳೆದಿರುವ ಗಿಡಗಳನ್ನೂ ಕರುಗಳು ತಿನ್ನುವ ಮೊದಲು ಕೀಳಿಸಬೇಕು ಎಂದರು.

ಹನಿಯ ಬಾಟಲಿಯನ್ನು ಹುಡುಕಿ ನೋಡಿದೆ. ಕ್ಸೈಲೋಮೆಟಾಜೊಲಿನ್ ಎಂದೇ ಇದೆ. ಅಮ್ಮ ಅದನ್ನು ಗೌರಿಹಬ್ಬದ ಹೊತ್ತಿನಿಂದ ಪ್ರತಿ ರಾತ್ರಿ ಹಾಕಿಕೊಳ್ಳುತ್ತಿದ್ದಾರೆ. ಎಂದರೆ ಎರಡು ತಿಂಗಳು ಮೀರಿದೆ. ಇದು ನಮಗೆ ಯಾರೂ ಹೇಳಿರಲಿಲ್ಲ. ಇದನ್ನು ಒಮ್ಮೆಗೇ ನಿಲ್ಲಿಸಬಹುದೇ? ಉಪ್ಪುನೀರಿನಿಂದ ತೊಳೆಯುವ ಕ್ರಮವನ್ನೂ ದಯವಿಟ್ಟು ತಿಳಿಸಿ. ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು ಹೊಗೆ ಎಳೆದುಕೊಳ್ಳುವ ಪದ್ಧತಿ ನಮ್ಮ ಮನೆಯಲ್ಲಿದೆ, ಅದನ್ನು ಮುಂದುವರಿಸಬಹುದೇ?

ತುಂಗಾ ದಂಡೆ — ಉತ್ತರ

ಎರಡು ತಿಂಗಳಾಗಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಂಡೇ ನಿಲ್ಲಿಸಿ. ಸಾಮಾನ್ಯವಾಗಿ ಮೂಗಿಗೆ ಸಿಂಪಡಿಸುವ ಸ್ಟಿರಾಯ್ಡ್ ಔಷಧವನ್ನು ಶುರು ಮಾಡಿಸಿ, ಹನಿಯನ್ನು ಮೊದಲು ಒಂದು ಹೊಳ್ಳೆಗೆ, ಆಮೇಲೆ ಇನ್ನೊಂದಕ್ಕೆ ಬಿಡಿಸುತ್ತಾರೆ. ಮೊದಲ ವಾರ ಕಷ್ಟವಾಗುತ್ತದೆ, ಅದನ್ನು ಅಮ್ಮನವರಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ನಡುರಾತ್ರಿ ಎದ್ದು ಮತ್ತೆ ಬಾಟಲಿ ಹುಡುಕುತ್ತಾರೆ. ಹನ್ನೆರಡು ವಾರ ಮೀರಿ ಉಳಿಯುವ ಸೈನಸ್ಸನ್ನು ದೀರ್ಘಕಾಲದ್ದೆಂದು ಪರಿಗಣಿಸಿ ಎಂಡೋಸ್ಕೋಪ್ ಎಂಬ ತೆಳು ದುರ್ಬೀನಿನಿಂದ ಮೂಗಿನ ಒಳಗನ್ನು ನೋಡುವುದು ಕ್ರಮ. ಒಂದೇ ಕಡೆಯಿಂದ ದುರ್ವಾಸನೆಯ ಕೀವು ಬರುತ್ತಿದ್ದರೆ ಮೇಲಿನ ದವಡೆಯ ಹಲ್ಲನ್ನೂ ತೋರಿಸಿ, ಹಲ್ಲಿನ ಬೇರಿನ ಸೋಂಕು ಕೆನ್ನೆಯ ಸೈನಸ್ಸಿಗೆ ಹತ್ತುವುದುಂಟು. ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ಕುತ್ತಿಗೆ ಬಿಗಿತದ ಜೊತೆಗೆ ಜ್ವರ, ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಶರಾವತಿ ಹಿನ್ನೀರು — ಉತ್ತರ

ತೊಳೆಯುವ ಕ್ರಮವನ್ನು ನಾನು ಹೇಳುತ್ತೇನೆ. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಎಂದರೆ ಕಣ್ಣೀರಿನಷ್ಟೇ ಉಪ್ಪು. ಅಯೋಡಿನ್ ಸೇರದ ಉಪ್ಪಾದರೆ ಉರಿ ಕಡಿಮೆ. ಬೆಚ್ಚಗಿರಬೇಕು, ಬಿಸಿಯಿರಬಾರದು. ಜಲನೇತಿಯ ಗಿಂಡಿಯಿಂದಲೋ ಔಷಧ ಅಂಗಡಿಯಲ್ಲಿ ಸಿಗುವ ಹಿಂಡುವ ಬಾಟಲಿಯಿಂದಲೋ, ಮುಂದಕ್ಕೆ ಬಗ್ಗಿ, ತಲೆಯನ್ನು ಪಕ್ಕಕ್ಕೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತ, ಒಂದು ಹೊಳ್ಳೆಯಲ್ಲಿ ಬಿಟ್ಟ ನೀರು ಇನ್ನೊಂದರಿಂದ ಹೊರಬರುವಂತೆ ಮಾಡಬೇಕು. ಆಮೇಲೆ ಮೂಗಿನಲ್ಲಿ ಉಳಿದ ನೀರನ್ನು ಮೆಲ್ಲನೆ ಊದಿ ತೆಗೆಯಬೇಕು, ಎರಡೂ ಹೊಳ್ಳೆ ಮುಚ್ಚಿ ಜೋರಾಗಿ ಊದಿದರೆ ನೀರು ಕಿವಿಗೆ ಏರುತ್ತದೆ.

ನೀರಿನ ವಿಷಯದಲ್ಲಿ ಸ್ವಲ್ಪವೂ ಸಡಿಲಿಕೆ ಬೇಡ. ನಮ್ಮ ಕಡೆಯ ಮನೆಗಳಿಗೆ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಎಷ್ಟೇ ತಿಳಿಯಾಗಿದ್ದರೂ, ಬಾವಿಯ ನೀರು ಎಷ್ಟೇ ಸಿಹಿಯಾಗಿದ್ದರೂ, ಕುಡಿಯಲು ಯೋಗ್ಯವಾದದ್ದೆಲ್ಲ ಮೂಗಿಗೆ ಯೋಗ್ಯವಲ್ಲ. ನೆಗ್ಲೇರಿಯಾ ಎಂಬ ಅಮೀಬಾ ಹೊಟ್ಟೆಗೆ ಹೋದರೆ ಏನೂ ಮಾಡದು, ಮೂಗಿನ ಮೂಲಕ ಹೋದರೆ ಮಿದುಳನ್ನು ಸೇರುತ್ತದೆ. ಕೇರಳದಲ್ಲಿ 2024ರಲ್ಲಿ ಮಕ್ಕಳು ಇಂಥ ಸೋಂಕಿನಿಂದ ತೀರಿಕೊಂಡದ್ದನ್ನು ನಾವೆಲ್ಲ ಓದಿದ್ದೇವೆ. ಕೊತಕೊತ ಕುದಿಸಿ, ಮುಚ್ಚಿಟ್ಟು, ಆರಿದ ಮೇಲೆಯೇ ಬಳಸಿ. ಗಿಂಡಿಯನ್ನೂ ಪ್ರತಿದಿನ ಅದೇ ನೀರಿನಿಂದ ತೊಳೆದು ಕವುಚಿ ಒಣಗಿಸಿ.

ಹಬೆಯ ಬಗ್ಗೆ ನಾನೂ ಬಹುಕಾಲ ಹೆಚ್ಚಿನ ಭರವಸೆ ಇಟ್ಟುಕೊಂಡಿದ್ದೆ. ಇಂಗ್ಲೆಂಡಿನಲ್ಲಿ ಮತ್ತೆ ಮತ್ತೆ ಸೈನಸ್ ಬರುವ 871 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಉಪ್ಪುನೀರು ತಕ್ಕಮಟ್ಟಿಗೆ ಗುಣ ತೋರಿತು, ಹಬೆ ತೋರಲಿಲ್ಲ. ಹಿತಕ್ಕಾಗಿ ತೆಗೆದುಕೊಳ್ಳಬಹುದು, ಪಾತ್ರೆ ಮಗುಚಿ ಸುಟ್ಟುಕೊಳ್ಳದಂತೆ ಜಾಗ್ರತೆ ಇರಲಿ. ಅರಿಶಿನದ ಹೊಗೆಯನ್ನು ನಿಮ್ಮ ತಾಯಿಯವರಿಗೆ ಬೇಡವೆನ್ನುತ್ತೇನೆ. ನನ್ನ ಅಜ್ಜಿಯೂ ಅದನ್ನು ಮಾಡುತ್ತಿದ್ದರು, ಆ ವಾಸನೆ ನನಗೂ ಪ್ರಿಯ. ಆದರೆ ಅಡಿಕೆ ಒಲೆ ಮತ್ತು ಬಚ್ಚಲ ಒಲೆಯ ಹೊಗೆಯಿಂದ ಈಗಾಗಲೇ ಕೆರಳಿರುವ ಮೂಗಿಗೆ ಮತ್ತೊಂದು ಹೊಗೆಯನ್ನು ಕೊಡಬಾರದು. ಕೊಯ್ಲು ಮುಗಿಯುವವರೆಗೆ ಅಡಿಕೆ ಬೇಯಿಸುವ ಕೆಲಸಕ್ಕೆ ಬೇರೆಯವರನ್ನು ನಿಲ್ಲಿಸಿ, ಅಮ್ಮನವರನ್ನು ಸುಲಿಯುವವರ ಜೊತೆ ಗಾಳಿಯಾಡುವ ಕಡೆ ಕೂರಿಸಿ. ಮಳೆಗಾಲದಲ್ಲಿ ಬೂಸ್ಟು ಹಿಡಿದ ಹಾಸಿಗೆ, ಕಂಬಳಿ, ದಿಂಬುಗಳನ್ನು ಈಗ ಬಿಸಿಲು ಸಿಗುತ್ತಿರುವಾಗಲೇ ನಾಲ್ಕು ದಿನ ಅಂಗಳದಲ್ಲಿ ಒಣಗಿಸಿ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಸಿ. ಆರಿದ್ರಾ ಮಳೆಗೆ ಶುರುವಾಗುವ ಕಾಯಿಲೆಯ ಮೂಲ ಬಹುಪಾಲು ತೇವದ ಗೋಡೆಯಲ್ಲೂ ಹಾಸಿಗೆಯ ನುಸಿಯಲ್ಲೂ ಇರುತ್ತದೆ.

ಕಾಳುಮೆಣಸು, ಶುಂಠಿ, ತುಳಸಿಯ ತೆಳು ಕಷಾಯವನ್ನು ದಿನಕ್ಕೊಂದು ಲೋಟ ಕುಡಿಯಲು ಅಡ್ಡಿಯಿಲ್ಲ, ಅತಿಮಧುರ ಮಾತ್ರ ಹಾಕಬೇಡಿ. ನಸ್ಯ, ಎಂದರೆ ಮೂಗಿಗೆ ಔಷಧ ಹಾಕುವ ಆಯುರ್ವೇದ ಚಿಕಿತ್ಸೆ, ಮಾಡಿಸುವ ಮನಸ್ಸಿದ್ದರೆ ಮೂಗಿನ ಒಳಗನ್ನು ತಜ್ಞರು ನೋಡಿದ ಮೇಲೆ, ಕೀವು ಇಲ್ಲವೆಂದು ಖಚಿತವಾದ ಮೇಲೆ ಬನ್ನಿ.

ತೋಟದಕೆರೆ — ಮರುಮಾತು

ಬುಧವಾರ ಶಿವಮೊಗ್ಗದಲ್ಲಿ ತಜ್ಞರನ್ನು ಕಾಣಲು ಹೆಸರು ಬರೆಸಿದ್ದೇನೆ. ಹನಿಯ ಬಾಟಲಿ, ಮಾತ್ರೆಗಳ ಡಬ್ಬ, ಬಿಚ್ಚಿದ ಪೊಟ್ಟಣ, ಮೂರನ್ನೂ ಕೊಂಡೊಯ್ಯುತ್ತೇನೆ. ಡಬ್ಬದ ಚಿತ್ರಗಳನ್ನು ಈ ಸಂಜೆ ಹಾಕುತ್ತೇನೆ. ಭಾವನವರಿಗೂ ಎಲ್ಲವನ್ನೂ ಓದಿ ಹೇಳಿದೆ. ಅವರ ಸ್ನೇಹಿತರಿಬ್ಬರು ಅದೇ ಅಂಗಡಿಯಿಂದ ಅವೇ ಪೊಟ್ಟಣಗಳನ್ನು ತಂದಿದ್ದಾರಂತೆ. ಒಬ್ಬರಿಗೆ ಹಿಂದೆ ಕಾಮಾಲೆ ಆಗಿತ್ತೆಂದು ತಿಳಿದು ಅವರಿಗೆ ಈಗಲೇ ಫೋನ್ ಮಾಡುತ್ತಿದ್ದಾರೆ.